ಬಿಳಿಯ ಕೆಳಗಿನ ಗೆರೆ

ನಮ್ಮ ಊರಿನ ಹೆಸರಿಗೆ ದೋಣಿ ಎಂದು ಅರ್ಥ.
ದೋಣಿ ಬಿಡುವಂಥ ಹೊಳೆ ವುಚ್‌ನಲ್ಲಿ ಎಲ್ಲೂ ಇಲ್ಲ,
ಇದ್ದ ತೊರೆಗಳನ್ನು ಗಿರಣಿಯವರು ನೆಲದಡಿ ಹೂಳಿದರು.
ಇಲ್ಲಿ ಹರಿಯುವುದು ಬಟ್ಟೆ.

ಕೋಟು ಕಾರ್ಖಾನೆಯ ಮೂರನೇ ಮಹಡಿ,
ಕೊಕ್ಕೆಗಳಲ್ಲಿ ತೂಗುವ ರಟ್ಟಿನ ಅಚ್ಚುಗಳು:
ಬೆನ್ನು, ಎದೆ, ತೋಳು, ಕಾಲರಿನ ಅರ್ಧ.
ಹಿಮ ಕರಗುವ ತಿಂಗಳಲ್ಲಿ ಹಿಗ್ಗುತ್ತವೆ,
ಹೀಟರು ಉರಿವಾಗ ಕುಗ್ಗುತ್ತವೆ.
‘ರಟ್ಟಿಗೂ ಮುಟ್ಟು ನಿಲ್ಲುವ ವಯಸ್ಸಿದೆ’
ಎನ್ನುತ್ತಾಳೆ ಗೆನೊವೆಫಾ,
ಮೂವತ್ತೆಂಟು ವರ್ಷ ಕತ್ತರಿ ಹಿಡಿದ ಕೈಯವಳು.

ಇವನ್ನೆಲ್ಲ ಕಡತಕ್ಕೆ ಇಳಿಸು ಎಂದರು ನನಗೆ.
ಮೊದಲು ಚುಕ್ಕಿ ಚುಕ್ಕಿಯಾಗಿ ಉಳಿಸಿದೆ.
ಹಿಗ್ಗಿಸಿದರೆ ಕಂಕುಳ ಬಾಗು
ಮೆಟ್ಟಿಲು ಮೆಟ್ಟಿಲಾಗಿ ಒಡೆಯಿತು.
ಅವಳು ಕನ್ನಡಕ ಏರಿಸಿ ನೋಡಿದಳು:
‘ಯಾರ ಕಂಕುಳಪ್ಪಾ ಈ ಮೆಟ್ಟಿಲು ಹತ್ತೋದು?’

ಆಮೇಲೆ ಕೈಪಿಡಿಯ ಹಿಂದಿನ ಪುಟಗಳಲ್ಲಿ
ಆ ಫಂಕ್ಷನ್ನುಗಳು ಸಿಕ್ಕವು.
ಒಂದು, ಕಡತ ತೆರೆದು ಇಲ್ಲದ ಕಾಗದವೊಂದನ್ನು ಕೊಡುತ್ತದೆ.
ಬರೆ ಅದರ ಮೇಲೆ; ಏನೂ ಮೂಡುವುದಿಲ್ಲ.
ಇಲ್ಲಿಗೆ ಸರಿ, ಅಲ್ಲಿಯವರೆಗೆ ಎಳೆ,
ಈ ಮೂರು ಬಿಂದುಗಳ ಮಾತು ಕೇಳಿ ಬಾಗು —
ಆಡಿದ್ದಷ್ಟೂ ಸಾಲಾಗಿ ಕೂರುತ್ತದೆ ಒಳಗೆ
ಮಿಲಿಮೀಟರಿನ ನೂರನೆಯ ಪಾಲಿನ ಲೆಕ್ಕದಲ್ಲಿ,
ಯಾವ ಪರದೆಯ ಹಂಗೂ ಇಲ್ಲದೆ.
ಇನ್ನೊಂದು, ಮುಚ್ಚುತ್ತದೆ.
ಮತ್ತೊಂದಕ್ಕೆ ಯಾವ ಯಂತ್ರ ತೋರಿಸಿದರೂ
ಅಲ್ಲೇ ಮೊದಲಿಂದ ಎಳೆದು ಕೊಡುತ್ತದೆ.

‘ಹಾಗಾದರೆ ಇದು ಚಿತ್ರ ಅಲ್ಲ,
ಚಾಡಿ’ ಎಂದಳು ಗೆನೊವೆಫಾ.

ಮುಚ್ಚುವುದನ್ನು ಒಮ್ಮೆ ಮರೆತೆ.
ಬೆಳಗಿನಿಂದ ಎಳೆದ ಕಾಲರು ಪೂರ್ತಿ
ಸೊನ್ನೆ ಬೈಟು.
ಅವಳು ಬೈಯಲಿಲ್ಲ. ಚಹಾದ ಗ್ಲಾಸು ಪಕ್ಕಕ್ಕಿಟ್ಟು
ಮತ್ತೆ ಎಳೆದಳು.

ಮಾರ್ಚಿನಲ್ಲಿ ಮೊದಲ ಕೋಟು.
ನನ್ನ ಪರದೆಯಲ್ಲಿ ಅಂಗೈಯಗಲ,
ಪ್ರಿಂಟರಿನಲ್ಲಿ ಅಂಚೆಚೀಟಿಯಷ್ಟು,
ಎರಡೂ ಒಂದೇ ಕೋಟು, ಕೂದಲೆಳೆ ಆಚೀಚೆ ಇಲ್ಲ.
ಬೀಗಿದೆ.
ಫ್ಲಾಪಿಯನ್ನು ಟ್ರಾಮು ಹತ್ತಿಸಿ ಪಾಬಿಯಾನಿತ್ಸೆಗೆ ಕಳಿಸಿದೆ,
ಅಲ್ಲಿನ ದೊಡ್ಡ ಪ್ಲಾಟರಿಗೆ,
ಪೆನ್ನು ಹಿಡಿದು ಓಡಾಡುವ ಉಕ್ಕಿನ ತೋಳಿಗೆ.

ಮಧ್ಯಾಹ್ನ ಫೋನು. ಕತ್ತರಿ ವಿಭಾಗದ ಬೋಗುಮಿಲಾ:
‘ಎಡ ಹೆಗಲು ಎರಡಿದೆ. ಯಾವುದಕ್ಕೆ ಕತ್ತರಿ ಹಾಕಲಿ?’

ಒಂದೊಂದೇ ನಮೂದನ್ನು ಕರೆದು ನಿಲ್ಲಿಸಿದೆ,
ಅದಕ್ಕೂ ಒಂದು ಫಂಕ್ಷನ್ನಿದೆ.
ಇನ್ನೂರ ಹನ್ನೆರಡು: ಹೆಗಲ ಗೆರೆ, ಒಂದೂವರೆ ಸೆಂಟಿಮೀಟರು ಇಳಿದದ್ದು.
ಇನ್ನೂರ ಹದಿಮೂರು: ಅದರ ಮೇಲೆ ಬಿಳಿ ಪಟ್ಟಿ.
ಇನ್ನೂರ ಹದಿನಾಲ್ಕು: ಹೆಗಲ ಗೆರೆ, ಸರಿಯಾದದ್ದು.
ಪರದೆಯಲ್ಲಿ ಬಿಳಿ ಮುಚ್ಚಿತ್ತು.
ಪ್ಲಾಟರಿನಲ್ಲಿ ಇರುವುದು ಕಪ್ಪು ಪೆನ್ನೊಂದೇ,
ಬಿಳಿ ಎಂದರೆ ಅದಕ್ಕೆ ಸುಮ್ಮನೆ ದಾಟಿ ಹೋಗು ಎಂದು.
ಉಳಿದದ್ದನ್ನು ಹೇಳಿದ ಹಾಗೆಯೇ ಬರೆದಿತ್ತು.

ಆ ಹಾಳೆ ತರಿಸಿದೆ.
ಗೆನೊವೆಫಾ ಕಿಟಕಿಯ ಬೆಳಕಿಗೆ ಹಿಡಿದಳು.
‘ಕೈ ಮೊದಲು ಅಲ್ಲಿಗೇ ಹೋಯಿತು, ಏನು ಮಾಡಲಿ.
ನೂಲಿನ ಶೆಡ್ಡಿನಲ್ಲಿ ಕಂಡಿಕೆಯ ಬುಟ್ಟಿ
ಎಲ್ಲರೂ ಎಡಕ್ಕೇ ಹೊತ್ತದ್ದು, ಬಲಗೈ ಯಂತ್ರಕ್ಕೆ ಬೇಕಲ್ಲ.
ನನ್ನ ತಾಯಿಯ ಹೆಗಲು, ಅವಳ ಪಾಳಿಯವರ ಹೆಗಲು,
ಮೊದಲ ಇಪ್ಪತ್ತು ವರ್ಷ ಈ ಊರಿಗೆ
ನಾನು ಕತ್ತರಿಸಿದ್ದೆಲ್ಲ ಆ ಇಳಿಜಾರಿಗೆ.
ಆಮೇಲೆ ನೆನಪಾಯಿತು,
ಈ ಕೋಟು ಹ್ಯಾಂಬರ್ಗಿನವರಿಗೆ.’

ಎರಡು ನಮೂದು ಬಿಟ್ಟು ಉಳಿದದ್ದನ್ನು
ಹೊಸ ಕಡತಕ್ಕೆ ನಕಲಿಸಿದೆ. ಮುಚ್ಚಿದೆ.
ಮುಚ್ಚಿದೆಯೇ ಎಂದು ಎರಡು ಸಲ ನೋಡಿದೆ.
ಹಳೆಯದನ್ನು ಅಳಿಸುವ ಫಂಕ್ಷನ್ನೂ ಇದೆ, ಸಣ್ಣದು, ಒಂದೇ ಸಾಲು.
ಇನ್ನೂ ಕರೆದಿಲ್ಲ.

ಪಾಬಿಯಾನಿತ್ಸೆಯಲ್ಲಿ ಅಷ್ಟರೊಳಗೆ
ಕೆಳಗಿನ ಗೆರೆಗೇ ಒಂದು ಕೋಟಿಗೆ ಕತ್ತರಿ ಬಿದ್ದಿತ್ತಂತೆ,
ಕಂದು ಉಣ್ಣೆಯದು.
ಹೊಲಿದು, ಗೇಟಿನ ಅಂಗಡಿಯಲ್ಲಿ
ದೋಷದ ಮಾಲಿನ ಬೆಲೆಗೆ ನೇತುಹಾಕಿದರು.
ಯಾರೋ ಕೊಂಡರು.
ವಾಪಸು ಬಂದಿಲ್ಲ.